ಲೋಲಾ ಫ್ಲೋರೆಸ್ ಆಡದ ಮಾತು

ಸ್ಪೇನಿನ ಸಚಿವ ಸಂಪುಟ 2026ರ ಜನವರಿ 13ರಂದು ಒಂದು ಕರಡು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಒಬ್ಬರ ಮುಖವನ್ನೋ ದನಿಯನ್ನೋ ಅವರನ್ನು ಕೇಳದೆ ಎಐನಲ್ಲಿ ತಯಾರಿಸಿ ಜಾಹೀರಾತಿಗೆ, ವ್ಯಾಪಾರಕ್ಕೆ ಬಳಸುವಂತಿಲ್ಲ ಅನ್ನೋದು ಅದರ ತಿರುಳು. ಇಷ್ಟೇ ಆಗಿದ್ದರೆ ಯಾರಿಗೂ ಗೊಂದಲ ಇರುತ್ತಿರಲಿಲ್ಲ. ಆದರೆ ಮಸೂದೆಯಲ್ಲಿ ಇನ್ನೊಂದು ಮಾತಿದೆ. ತಾನು ಸತ್ತ ಮೇಲೂ ತನ್ನ ಮುಖ, ದನಿ ಹೀಗೆ ಬಳಕೆಯಾಗಬಾರದು ಅಂತ ಯಾರು ಬೇಕಾದರೂ ಉಯಿಲಿನಲ್ಲಿ ಬರೆದಿಡಬಹುದು. ಓದಿದವರು ತಲೆ ಕೆರೆದುಕೊಂಡದ್ದು ಇಲ್ಲೇ. ಸತ್ತವರಿಗೆ ಎಂಥ ಹಕ್ಕು? ಏನೂ ಬರೆದಿಡದೆ ಹೋದವರ ಗತಿ ಏನು? ಮನೆಯವರೇ ಒಪ್ಪಿಬಿಟ್ಟರೆ?

ಸ್ಪೇನಿನವರಿಗೆ ಇದು ಪುಸ್ತಕದ ಪ್ರಶ್ನೆ ಅಲ್ಲ. ಐದು ವರ್ಷದ ಹಿಂದೆಯೇ, 2021ರ ಜನವರಿಯಲ್ಲಿ, ಅವರ ಟೀವಿಯಲ್ಲಿ ಹಾಡುಗಾರ್ತಿ, ನರ್ತಕಿ ಲೋಲಾ ಫ್ಲೋರೆಸ್ ಕಾಣಿಸಿಕೊಂಡು ನೇರವಾಗಿ ಕ್ಯಾಮೆರಾ ನೋಡುತ್ತಾ ಮಾತಾಡಿದ್ದರು. ಲೋಲಾ ತೀರಿಕೊಂಡದ್ದು 1995ರಲ್ಲಿ. ಜಾಹೀರಾತು ಒಂದು ಬಿಯರ್‌ದು. ಜನ ಬೈಯಲಿಲ್ಲ, ಬಹುಪಾಲು ಮಂದಿ ಕಣ್ಣು ಒರೆಸಿಕೊಂಡು ಶೇರ್ ಮಾಡಿದರು. ಅಂದು ಮೆಚ್ಚಿದ್ದನ್ನೇ ಇಂದು ಕಾನೂನು ಕಟ್ಟಿಹಾಕಲು ಹೊರಟಿದೆಯಾ ಅನ್ನೋದು ಸಹಜ ಅನುಮಾನ. ಉತ್ತರ ಬೇಕಾದರೆ ಮೊದಲು ಈ ಹೆಂಗಸು ಯಾರು, ಅವರ ಬಾಯಲ್ಲಿ ಮಾತು ಹಾಕೋದು ಯಾಕೆ ಸಣ್ಣ ವಿಷಯ ಅಲ್ಲ ಅಂತ ನೋಡಬೇಕು.

ಹೆರೆಸ್‌ನ ಹುಡುಗಿ

ಹೆಸರು ಮರಿಯಾ ದೊಲೊರೆಸ್ ಫ್ಲೋರೆಸ್ ರುಯಿಸ್. ಹುಟ್ಟಿದ್ದು 1923ರ ಜನವರಿ 21ರಂದು, ಸ್ಪೇನಿನ ದಕ್ಷಿಣ ತುದಿಯ ಆಂದಲೂಸಿಯಾ ಪ್ರಾಂತ್ಯದ ಹೆರೆಸ್ ದೆ ಲಾ ಫ್ರೊಂತೆರಾ ಊರಲ್ಲಿ. ಶೆರ್ರಿ ಅನ್ನೋ ಮದ್ಯಕ್ಕೆ ಹೆಸರು ಕೊಟ್ಟದ್ದು ಇದೇ ಊರು. ಅಪ್ಪ ಮದ್ಯದಂಗಡಿಯವರು, ಅಮ್ಮ ಬಟ್ಟೆ ಹೊಲಿಯುವವರು. ಅಮ್ಮನ ಕಡೆಯ ಅಜ್ಜ ಹಿತಾನೊ, ಅಂದರೆ ಸ್ಪೇನಿನ ಜಿಪ್ಸಿ. ಹಾಗಾಗಿ ಲೋಲಾ ಪೂರ್ತಿ ಹಿತಾನೊ ಅಲ್ಲ. ಆದರೆ ರಂಗದ ಮೇಲೆ ನಿಂತಾಗ ಜನ ನೋಡಿದ್ದು ಒಬ್ಬ ಹಿತಾನಾಳನ್ನೇ. ಅವರೂ ಅದನ್ನು ಬೇಡ ಅನ್ನಲಿಲ್ಲ.

1939ರಲ್ಲಿ, ಅಂತರ್ಯುದ್ಧ ಮುಗಿದು ದೇಶ ಹಸಿವಿನಿಂದ ಬಸವಳಿದಿದ್ದ ವರ್ಷ, 16ರ ಲೋಲಾ ಹೆರೆಸ್‌ನ ವಿಯಾಮಾರ್ತಾ ರಂಗಮಂದಿರದಲ್ಲಿ ಮೊದಲ ಸಲ ಹಾಡಿ ಕುಣಿದರು. ಮರುವರ್ಷವೇ ಸಿನಿಮಾ. ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿ ಮಾದ್ರಿದ್‌ಗೆ ಹೊರಟರು. 1940ರ ದಶಕದಲ್ಲಿ ಮನೊಲೊ ಕರಕೋಲ್ ಜೊತೆ ಜೋಡಿ. ಕರಕೋಲ್ ಆ ಹೊತ್ತಿಗೆ ಹೆಸರು ಮಾಡಿದ್ದ ಫ್ಲಮೆಂಕೊ (ಆಂದಲೂಸಿಯಾದ ಹಾಡು-ಕುಣಿತದ ಪ್ರಕಾರ) ಗಾಯಕ, ಲೋಲಾಗಿಂತ ಸುಮಾರು 14 ವರ್ಷ ದೊಡ್ಡವರು, ಮದುವೆಯಾದವರು. ಇಬ್ಬರ ಸಂಬಂಧ ಗುಟ್ಟಾಗಿರಲಿಲ್ಲ. ರಂಗದ ಮೇಲೆ ಅವರಿಬ್ಬರು ಜಗಳಾಡುವುದೂ ಒಲಿಯುವುದೂ ನಾಟಕವೋ ನಿಜವೋ ಗೊತ್ತಾಗುತ್ತಿರಲಿಲ್ಲ. ಟಿಕೆಟ್ ಮಾರಾಟ ಆಗುತ್ತಿದ್ದದ್ದೂ ಅದಕ್ಕೇ ಅನ್ನಿ. ಇದೆಲ್ಲ ನಡೆದದ್ದು ಫ್ರಾಂಕೊನ ಸರ್ವಾಧಿಕಾರದಲ್ಲಿ. ಹೆಂಗಸರು ತಲೆ ತಗ್ಗಿಸಿ ನಡೆಯಬೇಕು ಅಂತ ಚರ್ಚು ಪಾಠ ಹೇಳುತ್ತಿದ್ದ ಕಾಲ.

1951ರಲ್ಲಿ ಜೋಡಿ ಮುರಿಯಿತು. ಅದೇ ವರ್ಷ ನಿರ್ಮಾಪಕ ಸೆಸಾರೆಯೊ ಗೊನ್ಸಾಲೆಸ್ ಎರಡು ವರ್ಷದಲ್ಲಿ ಐದು ಸಿನಿಮಾ ಅಂತ ಲೋಲಾ ಜೊತೆ ಕರಾರು ಮಾಡಿಕೊಂಡರು. ಸಂಭಾವನೆ 60 ಲಕ್ಷ ಪೆಸೆಟಾ (ಸ್ಪೇನಿನ ಆಗಿನ ಹಣ). ಆ ಕಾಲಕ್ಕೆ ಸ್ಪೇನಿನಲ್ಲಿ ಅದು ಬೆಚ್ಚಿಬೀಳಿಸುವ ಮೊತ್ತ. ಮೆಕ್ಸಿಕೊ, ಕ್ಯೂಬಾ, ಅರ್ಜೆಂಟೀನಾ ಎಲ್ಲ ಕಡೆ ತಿರುಗಾಟ ಶುರುವಾಯಿತು. ಆಮೇಲೆ ಅಂಟಿಕೊಂಡ ಬಿರುದು 'ಲಾ ಫರಾವೊನಾ'. ಈಜಿಪ್ಟಿನ ಫೆರೋ ದೊರೆಗಳ ಸ್ತ್ರೀರೂಪ ಅಂತಿಟ್ಟುಕೊಳ್ಳಿ.

1957ರಲ್ಲಿ ಬಾರ್ಸೆಲೋನಾ ಕಡೆಯ ಹಿತಾನೊ ಗಿಟಾರ್ ವಾದಕ ಅಂತೋನಿಯೊ ಗೊನ್ಸಾಲೆಸ್ ಅವರನ್ನು ಮದುವೆಯಾದರು. ಮೂರು ಮಕ್ಕಳು: ಲೊಲಿತಾ, ಅಂತೋನಿಯೊ, ರೊಸಾರಿಯೊ. ಮೂವರೂ ಹಾಡುಗಾರರೇ ಆದರು. ಲೋಲಾ 1995ರ ಮೇ 16ರಂದು ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಎರಡು ವಾರ ಕಳೆಯಿತು, ಅಷ್ಟೆ. ಮೇ 30ರಂದು 33 ವರ್ಷದ ಮಗ ಅಂತೋನಿಯೊ ಕೂಡ ಹೋದ. 'ಮನಿ ಹೈಸ್ಟ್' ನೋಡಿದವರಿಗೆ ನೈರೋಬಿ ಪಾತ್ರ ನೆನಪಿರಬೇಕಲ್ವಾ? ಆ ನಟಿ ಆಲ್ಬಾ ಫ್ಲೋರೆಸ್ ಇದೇ ಅಂತೋನಿಯೊನ ಮಗಳು, ಲೋಲಾ ಮೊಮ್ಮಗಳು. ಈ ಮೊಮ್ಮಗಳ ವಿಷಯ ಕಾನೂನಿನ ಮಾತು ಬಂದಾಗ ಮತ್ತೆ ಬರುತ್ತದೆ.

ಯಾರೂ ಬರೆಯದ ವಾಕ್ಯ

ಲೋಲಾ ಬಗ್ಗೆ ಅತಿ ಹೆಚ್ಚು ಜನ ಹೇಳುವ ಮಾತು ಒಂದಿದೆ. 'ಹಾಡೋಕೆ ಬರಲ್ಲ, ಕುಣಿಯೋಕೂ ಬರಲ್ಲ, ಆದರೆ ನೋಡದೇ ಇರಬೇಡಿ' ಅಂತ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬರೆದಿತ್ತಂತೆ. ಸ್ಪೇನಿನಲ್ಲಿ ಮಕ್ಕಳಿಗೂ ಇದು ಬಾಯಿಪಾಠ. ತಮಾಷೆ ಏನೆಂದರೆ, ಹುಡುಕಿದವರಿಗೆ ಅಂಥ ವಿಮರ್ಶೆ ಆ ಪತ್ರಿಕೆಯಲ್ಲಿ ಸಿಕ್ಕೇ ಇಲ್ಲ. ಯಾರೋ ಕಟ್ಟಿದ ಮಾತು, ಬಾಯಿಂದ ಬಾಯಿಗೆ ಹೋಗಿ ಗಟ್ಟಿಯಾಯಿತು. ಎಐ ಬರುವ ಎಷ್ಟೋ ಮೊದಲೇ, ಬರೀ ಬಾಯಿಮಾತಿನಲ್ಲೇ ಆದ ನಕಲು ಇದು.

ಇನ್ನು ಅವರೇ ಆಡಿದ, ದೇಶವೇ ನೆನಪಿಟ್ಟುಕೊಂಡ ಮಾತುಗಳು ಯಾವುವು? ಮೂರನ್ನು ಹತ್ತಿರದಿಂದ ನೋಡಿದರೆ ಒಂದು ವಿಷಯ ಹೊಳೆಯುತ್ತದೆ.

1977. ಮಾದ್ರಿದ್‌ನ ಫ್ಲೋರಿದಾ ಪಾರ್ಕ್ ಸಭಾಂಗಣ, ಟೀವಿ ಕಾರ್ಯಕ್ರಮದ ಚಿತ್ರೀಕರಣ. ಲೋಲಾ ಕೂದಲು ಬಿಚ್ಚಿ, ಕೈ ಬೀಸಿ ಕುಣಿಯುತ್ತಿದ್ದಾರೆ. ನಡುವೆ ಕಿವಿಯೋಲೆ ಒಂದು ಕಳಚಿ ಎಲ್ಲೋ ಬಿತ್ತು. ಬೇರೆ ಯಾರಾದರೂ ಕಾಣದ ಹಾಗೆ ಮುಂದುವರಿಸುತ್ತಿದ್ದರು. ಇವರು ನಿಲ್ಲಿಸಿಬಿಟ್ಟರು. ಸಂಗೀತ ಹಿಂದೆ ನಡೆಯುತ್ತಲೇ ಇದೆ, ಇವರು ನೆಲ ನೋಡುತ್ತಾ ಕಾರ್ಯಕ್ರಮದವರನ್ನೂ ಜನರನ್ನೂ ಕರೆದು, ನನ್ನ ಓಲೆ ಕಳೆದುಕೊಳ್ಳೋಕೆ ನನಗಿಷ್ಟ ಇಲ್ಲ, ದುಡಿದು ತಗೊಂಡದ್ದು ಅಂದರು. ದೊಡ್ಡ ತಾರೆ, ಅಷ್ಟು ಜನರ ಮುಂದೆ, ಮದುವೆ ಮನೆಯಲ್ಲಿ ಜುಮುಕಿ ಕಳೆದುಕೊಂಡ ನಮ್ಮ ದೊಡ್ಡಮ್ಮನ ಹಾಗೆ.

1983ರ ಆಗಸ್ಟ್ 25. ಮಾರ್ಬೆಯಾ ಊರಿನ ಚರ್ಚಿನಲ್ಲಿ ಲೊಲಿತಾ ಮದುವೆ. ಲೋಲಾ ಊರಿಗೆಲ್ಲ ಆಹ್ವಾನ ಕೊಟ್ಟ ಹಾಗೆ ಮಾತಾಡಿದ್ದರು, ಊರೂ ಬಂತು. ಸಾವಿರಾರು ಜನ ಒಳಗೆ ನುಗ್ಗಿ ಉಸಿರಾಡೋಕೂ ಜಾಗ ಇಲ್ಲ. ಮದುವೆ ಶುರು ಮಾಡೋಕೇ ಆಗುತ್ತಿಲ್ಲ. ಆಗ ಲೋಲಾ ಜನರ ಕಡೆ ತಿರುಗಿ ಕಿರುಚಿದ್ದು: 'ಸಿ ಮೆ ಕೆರೇಯಿಸ್, ಇರ್ಸೆ.' ನನ್ನ ಮೇಲೆ ಪ್ರೀತಿ ಇದ್ದರೆ, ಹೋಗ್ರಪ್ಪ! ವ್ಯಾಕರಣದ ಪ್ರಕಾರ 'ಇರ್ಸೆ' ಅಲ್ಲಿ ತಪ್ಪು. ಆಜ್ಞೆ ಹೇಳುವಾಗ ಆ ರೂಪ ಬರಬಾರದು ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆದರೆ ಆಂದಲೂಸಿಯಾದ ಬೀದಿಯಲ್ಲಿ ಜನ ಮಾತಾಡೋದೇ ಹಾಗೆ. ಇವತ್ತು ಆ 'ತಪ್ಪು' ವಾಕ್ಯ ಟೀ ಶರ್ಟಿನ ಮೇಲೂ ಇದೆ.

ಮೂರನೆಯದು ತೆರಿಗೆ. 1982ರಿಂದ 1985ರವರೆಗೆ ಲೋಲಾ ಆದಾಯದ ಲೆಕ್ಕವನ್ನೇ ಕೊಟ್ಟಿರಲಿಲ್ಲ. 1987ರಲ್ಲಿ ಕೇಸು ಬಿತ್ತು. ಆಗ ಕ್ಯಾಮೆರಾ ಮುಂದೆ ಅವರು ಹೇಳಿದ್ದು: ಸ್ಪೇನಿನ ಒಬ್ಬೊಬ್ಬರೂ ಒಂದೊಂದು ಪೆಸೆಟಾ ಕೊಟ್ಟರೆ, ನನ್ನ ಕೈಗಲ್ಲ, ಎಲ್ಲಿ ಕಟ್ಟಬೇಕೋ ಅಲ್ಲಿಗೆ, ಬಹುಶಃ ಈ ಸಾಲ ತೀರಬಹುದು. ಜನ ನಕ್ಕರು, ಸಿಟ್ಟಾದರು, ಮರೆಯಲಿಲ್ಲ. ಮೊದಲು ಖುಲಾಸೆಯಾಯಿತು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಜೈಲು ಶಿಕ್ಷೆ, ದಂಡ ಎರಡೂ ವಿಧಿಸಿತು. ಜೈಲಿಗೆ ಹೋಗುವ ಪ್ರಸಂಗ ಬರಲಿಲ್ಲ. ಈಗಿನ ಹುಡುಗರು 'ಕ್ರೌಡ್‌ಫಂಡಿಂಗ್ ಕಂಡುಹಿಡಿದದ್ದು ಲೋಲಾ' ಅಂತ ಕಾಲೆಳೆಯುತ್ತಾರೆ. ತೆರಿಗೆ ತಪ್ಪಿಸಿದ್ದನ್ನು ಮುದ್ದು ಮಾಡುವುದು ನನಗೇನೂ ಸರಿ ಕಾಣೋದಿಲ್ಲ, ಅದು ಬೇರೆ ಮಾತು.

ಈ ಮೂರರಲ್ಲಿ ಒಂದನ್ನೂ ಯಾರೂ ಬರೆದುಕೊಟ್ಟಿರಲಿಲ್ಲ. ಓಲೆ ಬಿತ್ತು, ಜನ ನುಗ್ಗಿದರು, ಸರ್ಕಾರ ಬಾಗಿಲು ತಟ್ಟಿತು. ಆ ಕ್ಷಣಕ್ಕೆ ಬಾಯಿಗೆ ಬಂದ ಮಾತು ಅವು. ಲೋಲಾ ಹಾಡಿದ ಹಾಡು ಬೇರೆಯವರು ಬರೆದದ್ದು, ಸಿನಿಮಾದ ಸಂಭಾಷಣೆಯೂ ಹಾಗೇ. ಅವರದೇ ಸ್ವಂತ ಅಂತ ಉಳಿದದ್ದು ಈ ಪೂರ್ವತಯಾರಿ ಇಲ್ಲದ ಮಾತುಗಳು.

ಜಾಹೀರಾತು ತಯಾರಾದ ಬಗೆ

ಈಗ 2021ರ ಜಾಹೀರಾತಿಗೆ ಬನ್ನಿ. ಕ್ರೂಸ್‌ಕಾಂಪೊ ಅನ್ನೋದು 1904ರಲ್ಲಿ ಸೆವಿಯಾದಲ್ಲಿ ಹುಟ್ಟಿದ ಬಿಯರ್. ಈಗ ನೆದರ್ಲೆಂಡ್ಸ್‌ನ ಹೈನೆಕೆನ್ ಒಡೆತನದಲ್ಲಿದೆ. ಒಗಿಲ್ವಿ ಅನ್ನೋ ಜಾಹೀರಾತು ಏಜೆನ್ಸಿ ಅವರಿಗೆ ಒಂದು ಯೋಜನೆ ಕೊಟ್ಟಿತು. ಆಂದಲೂಸಿಯಾದ ಮಾತಿನ ಧಾಟಿಯನ್ನು ನಾಚಿಕೆ ಪಡದೆ ಹೆಮ್ಮೆಯಿಂದ ಆಡಿ ಅಂತ ಲೋಲಾ ಕೈಲೇ ಹೇಳಿಸೋಣ ಅಂತ.

ಯೋಜನೆ ಕೆಟ್ಟದ್ದೇನಲ್ಲ. ಆಂದಲೂಸಿಯಾದವರು ಮಾತಿನ ಕೊನೆಯ 'ಸ್' ನುಂಗುತ್ತಾರೆ, ಅಕ್ಷರ ಹಾರಿಸುತ್ತಾರೆ. ಸ್ಪೇನಿನ ಸಿನಿಮಾ, ಧಾರಾವಾಹಿಗಳಲ್ಲಿ ಆ ಧಾಟಿ ಬಹಳ ಕಾಲ ಮನೆಗೆಲಸದವಳ ಪಾತ್ರಕ್ಕೆ, ನಗಿಸುವ ಪಾತ್ರಕ್ಕೆ ಮೀಸಲು. ಸುದ್ದಿ ಓದೋಕೆ ಉತ್ತರದ ಧಾಟಿ. ನಮ್ಮ ಸಿನಿಮಾದಲ್ಲಿ ಉತ್ತರ ಕರ್ನಾಟಕದ ಮಾತು ಎಷ್ಟು ವರ್ಷ ಬರೀ ಕಾಮಿಡಿಗೆ ಬರುತ್ತಿತ್ತು ಅಂತ ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ತಯಾರಿ ಹೀಗೆ. ಲೋಲಾರ 5,000ಕ್ಕೂ ಹೆಚ್ಚು ಚಿತ್ರಗಳನ್ನು ಹಳೆಯ ರೆಕಾರ್ಡಿಂಗ್‌ಗಳಿಂದ ಕಲೆಹಾಕಿದರು. ಡೀಪ್‌ಫೇಕ್ ಸಾಫ್ಟ್‌ವೇರಿಗೆ ಅವನ್ನು ಉಣಿಸಿದರು. ಈ ಸಾಫ್ಟ್‌ವೇರ್ ಮಾಡುವ ಕೆಲಸ ಇಷ್ಟು: ಒಂದು ಮುಖ ನಕ್ಕಾಗ, ತಿರುಗಿದಾಗ, ಹುಬ್ಬೇರಿಸಿದಾಗ ಹೇಗೆ ಕಾಣುತ್ತದೆ ಅಂತ ಸಾವಿರಾರು ಮಾದರಿಗಳಿಂದ ಕಲಿಯುವುದು. ಆಮೇಲೆ ಮೈಕಟ್ಟು ಹೊಂದುವ ಒಬ್ಬ ನಟಿ ಕ್ಯಾಮೆರಾ ಮುಂದೆ ಅಭಿನಯಿಸುತ್ತಾಳೆ. ಅವಳ ಮುಖದ ಒಂದೊಂದು ಚಲನೆಯನ್ನೂ ಹಿಡಿದು, ಅದೇ ಚಲನೆಯನ್ನು ಲೋಲಾ ಮುಖ ಮಾಡಿದ್ದರೆ ಹೇಗಿರುತ್ತಿತ್ತು ಅಂತ ಸಾಫ್ಟ್‌ವೇರ್ ಬಿಡಿಸಿ ಮೇಲೆ ಕೂರಿಸುತ್ತದೆ. ಅಂದರೆ ಮುಖವಾಡ, ಆದರೆ ಜೀವಂತ ಮುಖವಾಡ. ಹೆಣ್ಣುಮಕ್ಕಳಾದ ಲೊಲಿತಾ, ರೊಸಾರಿಯೊ ಒಪ್ಪಿದ್ದಷ್ಟೇ ಅಲ್ಲ, ಜೊತೆಗೆ ನಿಂತು ಸಹಾಯವನ್ನೂ ಮಾಡಿದರು.

ಗಮನಿಸಬೇಕಾದ್ದು ಒಂದಿದೆ. ಆ ಜಾಹೀರಾತಿನಲ್ಲಿ ಲೋಲಾ ಆಡುವ ಮಾತು ಅವರ ಹಳೆಯ ಸಂದರ್ಶನದ್ದಲ್ಲ. ಏಜೆನ್ಸಿಯಲ್ಲಿ ಕೂತು ಬರೆದದ್ದು. ತನ್ನನ್ನು ಎಲ್ಲ ಕಡೆ ಜನ ಅರ್ಥ ಮಾಡಿಕೊಂಡದ್ದು ತನ್ನ ಧಾಟಿಯಿಂದ ಅಂತ ಆ ಲೋಲಾ ಹೇಳುತ್ತಾರೆ. ನಿಜವಾದ ಲೋಲಾ ಹಾಗೆ ಅಂದುಕೊಂಡಿದ್ದರೋ ಇಲ್ಲವೋ, ಹೇಳೋಕೆ ಅವರಿಲ್ಲ. ನ್ಯೂಯಾರ್ಕ್ ಟೈಮ್ಸ್‌ನ ಕಟ್ಟುಕತೆ ಲೋಲಾ ಬಗ್ಗೆ ಆಡದ ಮಾತಾದರೆ, ಇದು ಲೋಲಾ ಆಡದ ಮಾತು. ಮೊದಲನೆಯದಕ್ಕೆ ಪುರಾವೆ ಕೇಳಬಹುದಿತ್ತು. ಎರಡನೆಯದರಲ್ಲಿ ಪುರಾವೆಯೇ ಕಣ್ಣೆದುರು ಮಾತಾಡುತ್ತಿದೆ.

ಮಕ್ಕಳು ಒಪ್ಪಿದರೆ ಸಾಕಾ?

ಸಾಕು ಅನ್ನುವವರ ವಾದ ಗಟ್ಟಿಯಾಗಿಯೇ ಇದೆ. ಅಮ್ಮನನ್ನು ಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಲೋಲಾ ಬದುಕಿಡೀ ಕ್ಯಾಮೆರಾ ಹುಡುಕಿ ಹೋದವರು, ದುಡ್ಡಿಗೆ ನಾಚದವರು, ಆಂದಲೂಸಿಯಾದವರು ಅಂತ ಎಂದೂ ಬಚ್ಚಿಟ್ಟವರಲ್ಲ. ಮೋಸ ಮಾಡುವ ಉದ್ದೇಶವೂ ಇರಲಿಲ್ಲ, ಹೇಗೆ ಮಾಡಿದೆವು ಅಂತ ತಯಾರಕರೇ ಹೇಳಿಕೊಂಡರು. ಹುಟ್ಟಿದಾಗ ಲೋಲಾ ಬದುಕೇ ಇರದಿದ್ದ ಒಂದು ಪೀಳಿಗೆ ಅವರನ್ನು ಹುಡುಕಿ ನೋಡುವಂತಾಯಿತು. ಇದರಲ್ಲಿ ಯಾರಿಗೆ ನಷ್ಟ?

ಸಾಲದು ಅನ್ನುವವರು ಬೇರೆ ಕಡೆಯಿಂದ ಬರುತ್ತಾರೆ. ಬದುಕಿರುವ ಕಲಾವಿದೆ ಸ್ಕ್ರಿಪ್ಟ್ ಓದಿ 'ಈ ಸಾಲು ನಾನು ಹೇಳಲ್ಲ' ಅನ್ನಬಹುದು. ಸೆಟ್ಟಿನಲ್ಲಿ ಮಾತು ಬದಲಾಯಿಸಬಹುದು. ದುಡ್ಡು ಜಾಸ್ತಿ ಕೇಳಬಹುದು, ಕೊನೇ ಗಳಿಗೆಯಲ್ಲಿ ಎದ್ದು ಹೋಗಬಹುದು. ಲೋಲಾಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು, 60 ಲಕ್ಷದ ಕರಾರು ಸುಮ್ನೆ ಬಂದದ್ದಲ್ಲ. ಡಿಜಿಟಲ್ ಲೋಲಾಗೆ ಇದ್ಯಾವುದೂ ಇಲ್ಲ. ಅವರು ಸ್ಕ್ರಿಪ್ಟ್ ಕೊಟ್ಟಷ್ಟನ್ನು ಹೇಳುತ್ತಾರೆ, ಅವರ ಓಲೆ ಯಾವತ್ತೂ ಬೀಳೋದಿಲ್ಲ.

ಮೂರನೆಯ ಗುಂಪು ದನಿಯಿಂದಲೇ ಹೊಟ್ಟೆ ಹೊರೆಯುವವರದು. ಸ್ಪೇನಿನಲ್ಲಿ ಹೊರದೇಶದ ಸಿನಿಮಾಗಳು ಹೆಚ್ಚಾಗಿ ಸ್ಪ್ಯಾನಿಷ್‌ಗೆ ಡಬ್ ಆಗಿಯೇ ತೆರೆಗೆ ಬರುತ್ತವೆ. ಹಾಗಾಗಿ ಅಲ್ಲಿ ಡಬ್ಬಿಂಗ್ ದೊಡ್ಡ ಕಸುಬು. ತಮ್ಮ ದನಿಯನ್ನು ಎಐ ಕಲಿಸೋಕೆ ಬಳಸಬಾರದು ಅಂತ ಕರಾರಿನಲ್ಲೇ ಸೇರಿಸಿ ಅನ್ನೋದು ಅವರ ಬೇಡಿಕೆ. ಸತ್ತ ತಾರೆಯನ್ನು ಕರೆತರೋದು ಸಲೀಸಾದರೆ ಬದುಕಿರುವವರಿಗೆ ಕೆಲಸ ಯಾರು ಕೊಡುತ್ತಾರೆ ಅನ್ನೋ ಭಯ ಸುಳ್ಳಲ್ಲ.

ನನ್ನ ಲೆಕ್ಕದಲ್ಲಿ ಗೆರೆ ಎಳೆಯಬೇಕಾದ್ದು ಮುಖದ ಹತ್ತಿರ ಅಲ್ಲ, ಮಾತಿನ ಹತ್ತಿರ. ಹಳೆಯ ರೆಕಾರ್ಡಿಂಗ್‌ನ ಕರಕರ ತೆಗೆದು ದನಿ ಚೊಕ್ಕ ಮಾಡುವುದು ಒಂದು. ಅವರು ಎಂದೂ ಆಡದ ಹೊಸ ವಾಕ್ಯವನ್ನು ಅವರ ಬಾಯಿಂದ ಹೊರಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಮನೆಯವರ ಒಪ್ಪಿಗೆ ಸಾಕು. ಎರಡನೆಯದಕ್ಕೆ ಸತ್ತವರೇ ಬಿಟ್ಟುಹೋದ ಒಂದು ಮಾತು ಬೇಕು. ಈ ವ್ಯತ್ಯಾಸವನ್ನು ಹೊಸ ಕಾನೂನು ಎಷ್ಟು ಹಿಡಿಯುತ್ತದೆ ಅನ್ನೋದೇ ಮುಖ್ಯ.

1982ರ ಕಾನೂನು ಏನು ಹೇಳುತ್ತದೆ

ಸ್ಪೇನಿನಲ್ಲಿ ಇದಕ್ಕೆಲ್ಲ ಕಾನೂನೇ ಇರಲಿಲ್ಲ ಅಂತ ತಿಳಿಯಬೇಡಿ. ಫ್ರಾಂಕೊ ಸತ್ತು ಪ್ರಜಾಪ್ರಭುತ್ವ ಬಂದ ಮೇಲೆ, 1982ರಲ್ಲಿ, ಮಾನ, ಖಾಸಗಿತನ ಮತ್ತು ಸ್ವಂತ ಚಿತ್ರದ ಹಕ್ಕಿಗೆ ಒಂದು ಕಾನೂನು ಮಾಡಿದರು. ಒಬ್ಬರ ಹೆಸರು, ದನಿ, ಚಿತ್ರವನ್ನು ಜಾಹೀರಾತಿಗೆ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ ಅಂತ ಅದರಲ್ಲೇ ಇದೆ. ದನಿ ಅನ್ನೋ ಪದ ಆಗಲೇ ಇತ್ತು ಅನ್ನೋದು ಗಮನಿಸಿ. ಆದರೆ 1982ರಲ್ಲಿ ದನಿ ಅಂದರೆ ಟೇಪಿನಲ್ಲಿ ಸೆರೆಹಿಡಿದ ದನಿ. ಅಚ್ಚು ಹಾಕಿ ಹೊಸದಾಗಿ ತಯಾರಿಸಬಹುದು ಅಂತ ಯಾರ ತಲೆಗೂ ಹೊಳೆದಿರಲಿಲ್ಲ.

ಸತ್ತವರ ವಿಷಯವೂ ಅದರಲ್ಲಿದೆ. ತೀರಿಕೊಂಡವರು ಉಯಿಲಿನಲ್ಲಿ ಯಾರನ್ನು ಹೆಸರಿಸಿದ್ದಾರೋ ಅವರು ಕೋರ್ಟಿಗೆ ಹೋಗಬಹುದು. ಉಯಿಲು ಇಲ್ಲದಿದ್ದರೆ ಗಂಡ ಅಥವಾ ಹೆಂಡತಿ, ಮಕ್ಕಳು ಮೊಮ್ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು. ಆದರೆ ಒಂದು ಷರತ್ತು: ಆ ಸಾವಿನ ಹೊತ್ತಿಗೆ ಅವರು ಬದುಕಿರಬೇಕು. ಲೋಲಾ ಸತ್ತಾಗ ಮೊಮ್ಮಗಳು ಆಲ್ಬಾಗೆ ಎಂಟು ವರ್ಷ. ಹಾಗಾಗಿ ಅವರಿಗೂ ಹಕ್ಕಿದೆ. ರೊಸಾರಿಯೊ ಅವರ ಮಕ್ಕಳು ಹುಟ್ಟಿದ್ದು ಅಜ್ಜಿ ಹೋದ ಮೇಲೆ. ಈ ಕಾನೂನಿನ ಅಕ್ಷರ ಹಿಡಿದರೆ ಅವರು ಲೆಕ್ಕಕ್ಕಿಲ್ಲ. ಒಂದೇ ಅಜ್ಜಿ, ಒಂದೇ ಮನೆ, ಹುಟ್ಟಿದ ತಾರೀಖಿನ ಮೇಲೆ ಹಕ್ಕು.

ಇದಕ್ಕಿಂತ ದೊಡ್ಡ ಬಿರುಕು ಇನ್ನೊಂದಿದೆ. ಈ ಕಾನೂನು ಮನೆಯವರಿಗೆ ಕೊಟ್ಟದ್ದು ತಡೆಯುವ ಹಕ್ಕು. ಸತ್ತವರ ಹೆಸರಿಗೆ ಮಸಿ ಬಳಿದರೆ ಕೋರ್ಟಿಗೆ ಹೋಗುವ ಹಕ್ಕು. ಅವರ ಪರವಾಗಿ ಹೊಸ ಮಾತಿಗೆ ಅಪ್ಪಣೆ ಕೊಟ್ಟು ದುಡ್ಡು ತೆಗೆದುಕೊಳ್ಳುವ ಹಕ್ಕು ಬೇರೆಯದೇ. ಆಸ್ತಿಯ ಕಾವಲುಗಾರನಿಗೂ ಆಸ್ತಿಯ ಮಾಲೀಕನಿಗೂ ಇರುವಷ್ಟು ವ್ಯತ್ಯಾಸ. ಕಾನೂನು ಈ ಹಕ್ಕನ್ನು ಬಿಟ್ಟುಕೊಡಲಾಗದ್ದು, ಮಾರಲಾಗದ್ದು ಅಂತಲೇ ಕರೆಯುತ್ತದೆ. ಬದುಕಿರುವವರು ಒಮ್ಮೆ ಕೊಟ್ಟ ಒಪ್ಪಿಗೆಯನ್ನು, ನಷ್ಟ ತುಂಬಿಕೊಟ್ಟು, ಯಾವಾಗ ಬೇಕಾದರೂ ಹಿಂದೆ ತೆಗೆದುಕೊಳ್ಳಬಹುದು. ಸತ್ತವರಿಗೆ ಆ ದಾರಿ ಇಲ್ಲ.

ಇಲ್ಲಿ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡೋಣ. ಹಾಡಿನ ಹಕ್ಕು ಬರೆದವರದು, ರಾಗ ಹಾಕಿದವರದು. ರೆಕಾರ್ಡಿಂಗ್‌ನ ಹಕ್ಕು ಬಹುಪಾಲು ಕಂಪನಿಯದು. ದನಿ ಈ ಎರಡರಲ್ಲೂ ಸೇರುವುದಿಲ್ಲ. ಕಂಪನಿಯ ಹತ್ತಿರ ಲೋಲಾ ಹಾಡಿದ ಟೇಪು ಇದೆ ಅಂದರೆ ಲೋಲಾ ದನಿಯಲ್ಲಿ ಹೊಸ ಹಾಡು ಮಾಡಬಹುದು ಅಂತ ಅರ್ಥ ಅಲ್ಲ. ಕಾಪಿರೈಟು ಕೈಯಲ್ಲಿದ್ದರೆ ಆಯಿತು ಅಂತ ಅನೇಕರು ಅಂದುಕೊಂಡಿರುವುದು ಇಲ್ಲೇ ಎಡವುತ್ತದೆ.

ಹೊಸ ಕರಡು ತರುವ ಬದಲಾವಣೆ

ಹೊಸ ಮಸೂದೆ ಈ 1982ರ ಕಾನೂನಿನ ಜಾಗಕ್ಕೆ ಬರುತ್ತದೆ. ತಯಾರಿಸಿದ ದನಿ, ತಯಾರಿಸಿದ ಮುಖ ಎರಡೂ ಅಕ್ರಮದ ಪಟ್ಟಿಗೆ ಹೆಸರು ಹಿಡಿದು ಸೇರುತ್ತವೆ. ತಮ್ಮ ಚಿತ್ರದ ಬಳಕೆಗೆ ಒಪ್ಪಿಗೆ ಕೊಡಲು ಕನಿಷ್ಠ 16 ವರ್ಷ ಆಗಿರಬೇಕು. ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಂನಲ್ಲೋ ನೀವೇ ಫೋಟೊ ಹಾಕಿದ್ದೀರಿ ಅಂದ ಮಾತ್ರಕ್ಕೆ ಬೇರೆಯವರು ಎತ್ತಿ ಬಳಸಬಹುದು ಅಂತಲ್ಲ. ಹೆಸರಾಂತರನ್ನು ಗೇಲಿ ಮಾಡುವ ಅಣಕು, ಕಥೆ ಕಟ್ಟುವ ಕಲೆಗೆ ರಿಯಾಯಿತಿ ಇದೆ, ಆದರೆ ಇದು ಎಐ ಅಂತ ಸ್ಪಷ್ಟವಾಗಿ ಹೇಳಿರಬೇಕು.

ಉಯಿಲಿನ ವಿಷಯಕ್ಕೆ ಬಂದರೆ, ಬೇಡ ಅಂತ ಬರೆದಿಟ್ಟವರಿಗೆ ಈಗ ಗಟ್ಟಿ ನೆಲ ಸಿಗುತ್ತದೆ. ಮನೆಯವರು ಒಪ್ಪಿದರೂ ಉಯಿಲಿನ ಮಾತೇ ಮೇಲು. ಇದು ಒಳ್ಳೆಯದು. ಆದರೆ ಹೊಣೆಯನ್ನು ಕಲಾವಿದರ ಮೇಲೇ ಹೊರಿಸಿದ ಹಾಗಾಯಿತಲ್ಲ? ಬೇಡ ಅನ್ನಬೇಕಾದವರು ಮುಂಚೆಯೇ ಎಚ್ಚರವಾಗಿರಬೇಕು. ಲೋಲಾ ಸತ್ತ ವರ್ಷ ಇಂಟರ್ನೆಟ್ಟೇ ಹೊಸದು, ಡೀಪ್‌ಫೇಕ್ ಅನ್ನೋ ಪದವೇ ಹುಟ್ಟಿರಲಿಲ್ಲ. ಊಹಿಸಲಾಗದ್ದನ್ನು ಬೇಡ ಅಂತ ಬರೆಯುವುದು ಹೇಗೆ? ಇಪ್ಪತ್ತನೇ ಶತಮಾನದ ದೊಡ್ಡ ದನಿಗಳೆಲ್ಲ ಇದೇ ಗುಂಪಿಗೆ ಸೇರುತ್ತವೆ. ಅವರ ವಿಷಯದಲ್ಲಿ ಮನೆಯವರ ಮಾತೇ ನಡೆಯುತ್ತದೆ.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಡೆನ್ಮಾರ್ಕ್ 2025ರಲ್ಲಿ ಮುಂದಿಟ್ಟದ್ದು ಕಾಪಿರೈಟಿನ ದಾರಿ: ಮುಖ, ದನಿ ನಿಮ್ಮ ಕೃತಿ ಇದ್ದ ಹಾಗೆ, ಸತ್ತ ಮೇಲೂ 50 ವರ್ಷ ರಕ್ಷಣೆ. ಕ್ಯಾಲಿಫೋರ್ನಿಯಾದಲ್ಲಿ ಇದು ನೇರವಾಗಿ ವಾರಸುದಾರರ ಆಸ್ತಿ, 70 ವರ್ಷ. 2024ರಲ್ಲಿ ಸತ್ತ ಕಲಾವಿದರ ಡಿಜಿಟಲ್ ನಕಲನ್ನೂ ಅದಕ್ಕೆ ಸೇರಿಸಿದರು. ಆಸ್ತಿ ಅಂದ ಕೂಡಲೇ ಮಾರಾಟ ಸುಲಭ, ದರ ಕಟ್ಟುವುದೂ ಸುಲಭ. ಸ್ಪೇನ್ ಇನ್ನೂ ಮಾನದ ಭಾಷೆಯಲ್ಲೇ ಮಾತಾಡುತ್ತಿದೆ. ಹಳೆಯ ಕಾಲದ ಮಾತಿನ ಹಾಗೆ ಕೇಳಿಸಬಹುದು, ಆದರೆ ಲೋಲಾ ಥರದವರಿಗೆ ಇದೇ ಸರಿ ಅಂತ ನನಗನ್ನಿಸುತ್ತದೆ.

ನಮ್ಮಲ್ಲಿ ಹೇಗಿದೆ

ಕನ್ನಡದ ಓದುಗರಿಗೆ ಇದು ದೂರದ ಊರಿನ ಸುದ್ದಿ ಅಲ್ಲ. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು 2016ರ 'ನಾಗರಹಾವು' ಸಿನಿಮಾದಲ್ಲಿ ಗ್ರಾಫಿಕ್ಸ್‌ನಲ್ಲಿ ಮತ್ತೆ ತೆರೆಗೆ ತಂದಿದ್ದರು. ಪುನೀತ್ ಅವರ 'ಜೇಮ್ಸ್' 2022ರ ಮಾರ್ಚ್ 17ರಂದು ಬಂದಾಗ ದನಿ ಅಣ್ಣ ಶಿವರಾಜ್‌ಕುಮಾರ್ ಅವರದು. ಆಮೇಲೆ ತಂತ್ರಜ್ಞಾನದ ನೆರವಿನಿಂದ ಅಪ್ಪು ದನಿಯಲ್ಲೇ ಅದನ್ನು ಮತ್ತೆ ತೆರೆಗೆ ತಂದರು. ಎರಡೂ ಒಂದೇ ಅಲ್ಲ. ಜೇಮ್ಸ್‌ನಲ್ಲಿ ಆ ಪಾತ್ರ, ಆ ಮಾತು ಅಪ್ಪು ಅವರೇ ಒಪ್ಪಿ ಅಭಿನಯಿಸಿದ್ದು. ದನಿ ಮಾತ್ರ ಮತ್ತೆ ಹೊಂದಿಸಿದ್ದು. ವಿಷ್ಣು ಅವರ ವಿಷಯದಲ್ಲಿ ಪಾತ್ರವೇ ಅವರು ಹೋದ ಮೇಲೆ ಹುಟ್ಟಿದ್ದು.

2024ರಲ್ಲಿ ಎರಡು ಸುದ್ದಿ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಎ. ಆರ್. ರೆಹಮಾನ್ ಒಂದು ತಮಿಳು ಹಾಡಿಗೆ ತೀರಿಕೊಂಡ ಇಬ್ಬರು ಗಾಯಕರಾದ ಬಂಬಾ ಬಾಕ್ಯಾ, ಶಾಹುಲ್ ಹಮೀದ್ ಅವರ ದನಿಯನ್ನು ಎಐನಿಂದ ತಂದರು. ಮನೆಯವರನ್ನು ಕೇಳಿ, ಸಂಭಾವನೆ ಕೊಟ್ಟಿದ್ದೇವೆ ಅಂದರು. ಅದೇ ಹೊತ್ತಿಗೆ ತೆಲುಗು ಸಿನಿಮಾ ಒಂದರಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ದನಿಯನ್ನು ಕೇಳದೆ ಮರುಸೃಷ್ಟಿಸಿದ್ದಾರೆ ಅಂತ ಮಗ ಚರಣ್ ನೋಟಿಸ್ ಕಳಿಸಿದರು. ತಂತ್ರಜ್ಞಾನವೇ ಬೇಡ ಅಂತಲ್ಲ, ಕೇಳದೆ ಬಳಸಿದ್ದಕ್ಕೆ ಅವರ ತಕರಾರು.

ನಮ್ಮ ದೇಶದಲ್ಲಿ ಇದಕ್ಕೆಂದೇ ಒಂದು ಕಾನೂನಿಲ್ಲ. ಕೋರ್ಟುಗಳು ಒಂದೊಂದು ಕೇಸಿನಲ್ಲಿ ದಾರಿ ಕಂಡುಕೊಳ್ಳುತ್ತಿವೆ. ಬದುಕಿರುವವರ ಪರವಾಗಿ ಆದೇಶ ಬೇಗ ಸಿಗುತ್ತಿದೆ. ದೆಹಲಿ ಹೈಕೋರ್ಟ್ 2023ರಲ್ಲಿ ಅನಿಲ್ ಕಪೂರ್ ಅವರಿಗೆ, ಬಾಂಬೆ ಹೈಕೋರ್ಟ್ 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರಿಗೆ ಎಐ ನಕಲಿನ ವಿರುದ್ಧ ರಕ್ಷಣೆ ಕೊಟ್ಟವು. ಸತ್ತವರ ವಿಷಯಕ್ಕೆ ಬಂದರೆ ಗಾಳಿ ಉಲ್ಟಾ. ಜಯಲಲಿತಾ ಬದುಕಿನ ಸಿನಿಮಾದ ವಿರುದ್ಧ ಸೋದರನ ಮಗಳು ಹೋದಾಗ ಮದ್ರಾಸ್ ಹೈಕೋರ್ಟ್, ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಹೋದಾಗ ದೆಹಲಿ ಹೈಕೋರ್ಟ್, ಈ ಹಕ್ಕು ಆ ವ್ಯಕ್ತಿಯ ಜೊತೆಗೇ ಮುಗಿಯುತ್ತದೆ, ವಾರಸುದಾರರಿಗೆ ಬರುವುದಿಲ್ಲ ಅಂದವು. ಅವೆರಡೂ ಬದುಕಿನ ಕತೆ ಹೇಳುವ ಸಿನಿಮಾಗಳ ಕೇಸು, ದನಿಯ ನಕಲಿನದಲ್ಲ. ಆದರೂ ಎಸ್‌ಪಿಬಿ ಅವರಂಥ ಪ್ರಕರಣ ಕೋರ್ಟಿನ ಮೆಟ್ಟಿಲೇರಿದರೆ ಎದುರು ಪಕ್ಷದವರು ಮೊದಲು ತೆಗೆಯುವುದು ಇದೇ ತೀರ್ಪುಗಳನ್ನು.

ಮುಂದೆ ಏನಾಗಬಹುದು

ಸ್ಪೇನಿನ ಕರಡು ಇನ್ನೂ ಕಾನೂನಾಗಿಲ್ಲ. ಅಭಿಪ್ರಾಯ ಕೇಳಿ, ಮತ್ತೆ ಸಂಪುಟಕ್ಕೆ ಬಂದು, ಸಂಸತ್ತು ದಾಟಬೇಕು. ಅಲ್ಲಿ ಸರ್ಕಾರಕ್ಕೆ ಸ್ವಂತ ಬಹುಮತ ಇಲ್ಲ, ಹಾಗಾಗಿ ಸಾಲುಗಳು ಬದಲಾಗಬಹುದು. ಈಗಿರುವ ರೂಪದಲ್ಲೇ ಬಂದರೆ ಮೊದಲ ಪರಿಣಾಮ ಕಾಣುವುದು ಕರಾರುಗಳಲ್ಲಿ. ಗಾಯಕರು ರೆಕಾರ್ಡಿಂಗ್‌ಗೆ ಸಹಿ ಹಾಕುವಾಗಲೇ 'ಸತ್ತ ಮೇಲಿನ ಬಳಕೆ' ಅಂತ ಒಂದು ಸಾಲು ಬರುತ್ತದೆ. ಹೆಸರಿರುವವರು ಅದನ್ನು ಹೊಡೆದುಹಾಕಬಹುದು, ಹೊಸಬರಿಗೆ ಅಷ್ಟು ಗಟ್ಟಿತನ ಇರುವುದಿಲ್ಲ. ಎರಡನೆಯದು, ಮನೆಯೊಳಗಿನ ಜಗಳ. ಮೂವರು ವಾರಸುದಾರರಲ್ಲಿ ಇಬ್ಬರು ಒಪ್ಪಿ ಒಬ್ಬರು ಬೇಡ ಅಂದರೆ? 1982ರ ಕಾನೂನಿನಲ್ಲಿ ತಡೆಯಲು ಯಾರೊಬ್ಬರು ಮುಂದಾದರೂ ಸಾಕು. ಜಾಹೀರಾತು ಕಂಪನಿಗಳು ಇನ್ನು ಮೇಲೆ ದೊಡ್ಡ ಮಗಳ ಸಹಿ ತಂದರೆ ಮುಗಿಯಿತು ಅಂದುಕೊಳ್ಳುವ ಹಾಗಿಲ್ಲ, ಇಡೀ ಕುಟುಂಬದ ಬಾಗಿಲು ತಟ್ಟಬೇಕು.

ಲೋಲಾ ವಿಷಯದಲ್ಲಿ ಸದ್ಯಕ್ಕೆ ಅಂಥ ಜಗಳ ಇಲ್ಲ. 2023ರಲ್ಲಿ, ಅವರು ಹುಟ್ಟಿ 100 ವರ್ಷ ಆದಾಗ, ಹೆರೆಸ್‌ನಲ್ಲಿ ಅವರ ಹೆಸರಿನ ಸಂಗ್ರಹಾಲಯ ತೆರೆಯಿತು. ಅಲ್ಲಿ ಇಟ್ಟ ಉಡುಪುಗಳನ್ನು ಕೊಟ್ಟದ್ದೂ ಇದೇ ಮಕ್ಕಳು. ಹಳೆಯ ಕಾನೂನಿನಲ್ಲಿ ಒಂದು ಗಡುವು ಇದೆ: ಮನೆಯವರು ಯಾರೂ ಉಳಿಯದಿದ್ದರೆ ಸರ್ಕಾರಿ ವಕೀಲರು ಸತ್ತವರ ಪರ ನಿಲ್ಲಬಹುದು, ಆದರೆ ಸತ್ತು 80 ವರ್ಷದವರೆಗೆ ಮಾತ್ರ. ಲೋಲಾಗೆ ಅದು 2075. ಅವರ ಸಾವಿನ ದಿನ ಬದುಕಿದ್ದ ಮೊಮ್ಮಕ್ಕಳಿಗೆ ಆಗ 80 ದಾಟಿರುತ್ತದೆ. ಅವರೂ ಹೋದ ಮೇಲೆ ಲೋಲಾ ಬಾಯಲ್ಲಿ ಯಾರು ಏನು ಹೇಳಿಸಿದರೂ, ಇದು ನಮ್ಮ ಅಜ್ಜಿ ಆಡಿದ ಮಾತಲ್ಲ ಅಂತ ಕೋರ್ಟಿನಲ್ಲಿ ನಿಂತು ಹೇಳಲು, ಆ ಕಾನೂನಿನ ಪ್ರಕಾರ, ಯಾರೂ ಇರುವುದಿಲ್ಲ.